ಅಟ್ಟದಲ್ಲಿ ಸಿಕ್ಕ ಹಳೇ ತೋಟಾಗಳು: ಇವು ಯಾವುವು, ಏನು ಮಾಡಬೇಕು?

ಮಲೆನಾಡ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಕಾಫಿ ಎಸ್ಟೇಟು. ಬಂಗ್ಲೆ ಬಹಳ ಹಳೇದು, ಇಂಗ್ಲಿಷ್ ದೊರೆ ಒಬ್ಬರಿಂದ ನಮ್ಮ ಅಜ್ಜ ಸಾಮಾನು ಸಮೇತ ಕೊಂಡುಕೊಂಡಿದ್ದು. ಈಗ ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ ರಿಪೇರಿ ಮಾಡಿಸುತ್ತಿದ್ದೇವೆ. ಅಟ್ಟ ಖಾಲಿ ಮಾಡುವಾಗ ತಂಬಾಕಿನ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ತೋಟಾಗಳು!

ಮೂರು ಥರ ಇವೆ. ಮೊದಲನೇದು ಸಣ್ಣವು, ಒಂದು ಹಿಡಿಯಷ್ಟು. ಸೀಸದ ತುದಿ. ಕೆಲವದರ ಬುಡದಲ್ಲಿ ಇಂಗ್ಲಿಷಿನ ‘ಇ’ ಅಕ್ಷರ, ಕೆಲವದರಲ್ಲಿ ‘ಎಚ್’. ಎರಡನೇದು ದಪ್ಪ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ತಾಮ್ರದ ಬಣ್ಣ. ಅದಕ್ಕೆ ಗುಂಡೇ ಇಲ್ಲ, ಬಾಯಿಗೆ ರಟ್ಟಿನ ಬಿಲ್ಲೆ ಕೂರಿಸಿದ್ದಾರೆ. ಮೂರನೇದು ಡಬ್ಬಿಯ ಒಳಗಲ್ಲ, ಪಕ್ಕದ ತೊಲೆ ಮೇಲೆ ಬಿದ್ದಿದ್ದವು. ಮೋಟು, ಗುಂಡಿಲ್ಲ, ಬಾಯಿ ಮಡಚಿ ಮುಚ್ಚಿದೆ, ತುದಿಗೆ ಹಸಿರು ಬಣ್ಣ. ಯಾವುದರ ಬುಡದಲ್ಲೂ ನಡುಮಧ್ಯೆ ಇರುವ ಕೇಪು (ಏಟು ಬಿದ್ದರೆ ಕಿಡಿ ಕೊಡುವ ಸಣ್ಣ ಬಿಲ್ಲೆ) ಕಾಣಿಸುವುದಿಲ್ಲ. ಬುಡ ಸಪಾಟಾಗಿದೆ.

ಅಜ್ಜನ ಹತ್ತಿರ ಲೈಸೆನ್ಸು ಇತ್ತು. ಅವರು ತೀರಿಕೊಂಡ ಮೇಲೆ ಕೋವಿ, ರೈಫಲ್ ಎರಡನ್ನೂ ಒಪ್ಪಿಸಿ ಆಗಿದೆ. ಈಗ ಮನೆಯಲ್ಲಿ ಯಾರಿಗೂ ಲೈಸೆನ್ಸು ಇಲ್ಲ. ಮಾವ ಹೇಳುತ್ತಾರೆ, ಸ್ನೇಹಿತರ ರೈಫಲ್‌ಗೆ ಹಾಕಿ ಒಂದು ಈಡು ಹೊಡೆದು ನೋಡೋಣ ಅಂತ. ಅಮ್ಮ ಹೇಳುತ್ತಾರೆ, ಹೇಮಾವತಿಗೆ ಎಸೆದು ಬಾ ಅಂತ. ಇವು ಯಾವುವು? ಇನ್ನೂ ಜೀವ ಇದೆಯಾ? ಯಾರಿಗೆ ಕೊಡಬೇಕು?

ಬಯಲುಸೀಮೆ
ಅಷ್ಟು ಹಳೇದು ಅಂದರೆ ಎಂದೋ ಸತ್ತಿರುತ್ತವೆ. ತಲೆ ಕೆಡಿಸಿಕೊಳ್ಳಬೇಡಿ, ಗುಜರಿಗೆ ಹಾಕಿ.

ಗುರಿಕಾರ
ಗುಜರಿಗೆ ಮಾತ್ರ ಹಾಕಬೇಡಿ! ಗುಜರಿಯವರು ಹಿತ್ತಾಳೆ ಅಂತ ಕುಲುಮೆಗೆ ಸುರಿದರೆ ಅಲ್ಲಿ ಕೆಲಸ ಮಾಡುವವರ ಕಣ್ಣು ಹೋಗುತ್ತದೆ. ತೋಟಾ ಹಳೇದಾದರೆ ಸಾಯುತ್ತದೆ ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಒಣ ಜಾಗದಲ್ಲಿದ್ದರೆ ಎಷ್ಟೋ ದಶಕ ಆದಮೇಲೂ ಸಿಡಿಯುತ್ತವೆ. ಎಲ್ಲವೂ ಸಿಡಿಯುವುದಿಲ್ಲ, ಯಾವುದು ಸಿಡಿಯುತ್ತದೆ ಅಂತ ಹೊರಗಿನಿಂದ ಹೇಳಲೂ ಬರುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ನೀವು ಹೇಳಿದ ಗುರುತು ನೋಡಿದರೆ ಇವು ರಿಮ್‌ಫೈರ್ ತೋಟಾಗಳು. ದೊಡ್ಡ ರೈಫಲ್ ತೋಟಾದಲ್ಲಿ ಬುಡದ ನಡುವೆ ಕೇಪು ಇರುತ್ತದೆ. ಇದರಲ್ಲಿ ಕೇಪೇ ಬೇರೆ ಇಲ್ಲ. ಬುಡದಲ್ಲಿ ಸುತ್ತಲೂ ಒಂದು ಅಂಚು ಕಾಣುತ್ತದಲ್ಲ, ಅದರ ಮಡಿಕೆಯ ಒಳಗೇ ಸಿಡಿಮದ್ದು ಸವರಿರುತ್ತಾರೆ. ರೈಫಲಿನ ಪಿನ್ನು ಅಂಚನ್ನು ಜಜ್ಜುತ್ತದೆ, ಅಲ್ಲಿ ಕಿಡಿ ಹುಟ್ಟಿ ಒಳಗಿನ ಮದ್ದಿಗೆ ಹತ್ತುತ್ತದೆ. ಅಂದರೆ ಸುತ್ತಿನ ಅಂಚಿನಲ್ಲಿ ಎಲ್ಲಿ ಏಟು ಬಿದ್ದರೂ ಸಿಡಿಯಬಹುದು. ಇಕ್ಕಳದಲ್ಲಿ ಹಿಡಿಯಬೇಡಿ, ಉಜ್ಜಬೇಡಿ, ಗುಂಡು ಕೀಳಲು ಹೋಗಬೇಡಿ. ಕೇಪು ಇರುವ ತೋಟಾವನ್ನು ಬಿಚ್ಚುವವರೂ ರಿಮ್‌ಫೈರ್ ಬಿಚ್ಚಲು ಹೋಗುವುದಿಲ್ಲ.

ಬುಡದ ಫೋಟೋ ಒಂದು, ಪಕ್ಕದಿಂದ ಒಂದು, ಸ್ಕೇಲು ಇಟ್ಟು ತೆಗೆದು ಹಾಕಿ. ಪ್ಲಾಸ್ಟಿಕ್ ಸ್ಕೇಲು ಸಾಕು.

ಕಾಫಿ ಹೂವು
ಅಕ್ಕ, ನಮ್ಮ ಮನೇಲೂ ಇಂಥದ್ದು ಸಿಕ್ಕಿತ್ತು. ನಮ್ಮ ಮಾವ ಡೀಸೆಲ್‌ನಲ್ಲಿ ಒಂದು ವಾರ ನೆನೆಸಿಟ್ಟು ಮಣ್ಣಲ್ಲಿ ಹೂತರು. ಎಲ್ಲ ಸರಿಹೋಯಿತು.

ಗುರಿಕಾರ
@ಕಾಫಿ ಹೂವು, ಸರಿಹೋಯಿತು ಅಂತ ಹೇಗೆ ಗೊತ್ತು? ಹೂತಿದ್ದನ್ನು ಯಾರೂ ತೆಗೆದು ನೋಡಿಲ್ಲ ತಾನೇ? ಎಣ್ಣೆ, ಡೀಸೆಲ್, ನೀರು ಯಾವುದನ್ನೂ ನಂಬಲು ಆಗುವುದಿಲ್ಲ. ಗುಂಡು ಬಿಗಿಯಾಗಿ ಕೂತಿದ್ದರೆ ಒಳಗೆ ಏನೂ ಇಳಿಯುವುದಿಲ್ಲ. ಹತ್ತರಲ್ಲಿ ಕೆಲವು ಸತ್ತು ಕೆಲವು ಬದುಕಿದರೆ ಮೊದಲಿಗಿಂತ ಕೆಟ್ಟದ್ದು, ಯಾಕಂದರೆ ಎಲ್ಲ ಸತ್ತಿವೆ ಅಂದುಕೊಂಡು ನಾವು ಅಸಡ್ಡೆ ಮಾಡುತ್ತೇವೆ. ಇನ್ನು ಹತ್ತು ವರ್ಷಕ್ಕೆ ಅದೇ ಜಾಗದಲ್ಲಿ ಗಿಡ ನೆಡಲು ಗುಂಡಿ ತೋಡುವವರು ಹಾರೆ ಹಾಕುತ್ತಾರೆ.

ಕಾವೇರಿ ತೀರ
ನಮ್ಮ ಕೊಡಗಿನಲ್ಲಾದರೆ ಇದೆಲ್ಲ ತಲೆನೋವೇ ಇಲ್ಲ. ಕೋವಿಗೆ ಲೈಸೆನ್ಸು ಬೇಡ, ತೋಟಾಕ್ಕೂ ಬೇಡ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಪೂಜೆಗೆ ಇಟ್ಟು ತೆಂಗಿನಕಾಯಿಗೆ ಗುರಿ ಇಡುತ್ತೇವೆ.

ಕರಿಕೋಟು
@ಕಾವೇರಿ ತೀರ, ಸರ್, ಒಂದು ಸಣ್ಣ ತಿದ್ದುಪಡಿ. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ. ಅದು 1861ರಿಂದ ನಡೆದುಬಂದದ್ದು, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದ್ದು. 2019ರಲ್ಲಿ ಕೇಂದ್ರ ಸರ್ಕಾರ 2029ರ ಅಕ್ಟೋಬರ್ ತನಕ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಅದಕ್ಕೂ ವಿನಾಯಿತಿ ಪತ್ರ ಮಾಡಿಸಬೇಕು, ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ. ಪ್ರಶ್ನೆ ಕೇಳಿದವರು ಚಿಕ್ಕಮಗಳೂರು ಜಿಲ್ಲೆಯವರು. ಅವರಿಗೆ ಇದು ಯಾವುದೂ ಅನ್ವಯ ಆಗುವುದಿಲ್ಲ.

ಮೇಡಂ, ನಿಮ್ಮ ವಿಷಯಕ್ಕೆ ಬರುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿಗೆ ಹೇಗೋ ತೋಟಾಕ್ಕೂ ಹಾಗೆಯೇ ಲೈಸೆನ್ಸು ಬೇಕು. 3ನೇ ಸೆಕ್ಷನ್ ಓದಿ. ತುಂಬ ಜನ ಕೋವಿ ಒಪ್ಪಿಸಿ ತೋಟಾ ಮರೆತುಬಿಡುತ್ತಾರೆ. ಒಳ್ಳೇ ಸುದ್ದಿ ಏನಂದರೆ ನಿಮ್ಮ ಪರಿಸ್ಥಿತಿಗೆ ಅಂತಲೇ 21ನೇ ಸೆಕ್ಷನ್ ಇದೆ. ಲೈಸೆನ್ಸುದಾರರು ತೀರಿಕೊಂಡು, ಇಟ್ಟುಕೊಳ್ಳುವ ಹಕ್ಕು ಹೋದಾಗ, ಅನಗತ್ಯ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಷರತ್ತಿನ ಮೇಲೆ ಲೈಸೆನ್ಸು ಇರುವ ಡೀಲರ್ ಹತ್ತಿರವೂ ಇಡಬಹುದು.

ಇಲ್ಲಿ ಮುಖ್ಯ ಮಾತು ‘ಗೊತ್ತಿದ್ದೂ ಇಟ್ಟುಕೊಂಡರು’ ಅನ್ನುವುದು. 1972ರ ಗುಣವಂತಲಾಲ್ ಪ್ರಕರಣದಿಂದ ಸುಪ್ರೀಂ ಕೋರ್ಟ್ ಇದನ್ನೇ ಹೇಳಿಕೊಂಡು ಬಂದಿದೆ. ಅಟ್ಟದಲ್ಲಿ ಇದೆ ಅಂತ ಗೊತ್ತಿಲ್ಲದೆ ಇದ್ದದ್ದು ಬೇರೆ. ನೆನ್ನೆ ಸಿಕ್ಕಿತು, ಇವತ್ತು ಗೊತ್ತು. ಇನ್ನು ಸುಮ್ನೆ ಇಟ್ಟುಕೊಂಡು ಕೂತರೆ ಆ ಮಾತು ನಿಮ್ಮ ನೆರವಿಗೆ ಬರುವುದಿಲ್ಲ.

ಕಾವೇರಿ ತೀರ
ಮಿತಿ ಇದೆ, ಪತ್ರ ಬೇಕು, ಒಪ್ಪುತ್ತೇನೆ. ಆದರೆ ಎಲೆಕ್ಷನ್ ಬಂದಾಗಲೆಲ್ಲ ಕೋವಿ ಠೇವಣಿ ಇಡಿ ಅಂತ ಬರುತ್ತದಲ್ಲ, ಅದಕ್ಕೆ ಏನು ಹೇಳುತ್ತೀರಿ? ಆನೆ, ಹಂದಿ ಎಲೆಕ್ಷನ್ ನೋಡಿ ಗದ್ದೆಗೆ ಬರುತ್ತವಾ?

ಕರಿಕೋಟು
ಅದು ಬೇರೆಯೇ ಚರ್ಚೆ ಸರ್, ಇನ್ನೊಂದು ಎಳೆ ಶುರು ಮಾಡಿ, ಖಂಡಿತ ಬರುತ್ತೇನೆ. ನಿಮ್ಮ ನೋವು ನ್ಯಾಯವಾದದ್ದೇ.

ಮಲೆನಾಡ ಮಗಳು
ಫೋಟೋ ಹಾಕಿದ್ದೇನೆ ನೋಡಿ. ಸಣ್ಣವು ತುದಿಯಿಂದ ಬುಡದ ತನಕ ಒಂದು ಇಂಚು ಸರಿಯಾಗಿ. ಗುಂಡು ಬಿಟ್ಟು ಕೇಸು, ಅಂದರೆ ಹಿತ್ತಾಳೆ ಕೊಳವೆ ಮಾತ್ರ ಅಳೆದರೆ ಹದಿನೈದೂವರೆ ಮಿಲಿಮೀಟರ್ ಹತ್ತಿರ. ಅದರಲ್ಲಿ ಕೆಲವಕ್ಕೆ ಗುಂಡು ಮಾತ್ರ ಮೋಟು. ಗುಂಡು ಮತ್ತು ಕೇಸು ಸೇರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆ. ಸೀಸದ ಮೇಲೆ ಬೂದಿ ಬಳಿದ ಹಾಗೆ ಬಿಳೀ ಪುಡಿ. ಒಂದೆರಡರಲ್ಲಿ ಬಾಯಿಂದ ಕೆಳಕ್ಕೆ ಕೂದಲೆಳೆಯಷ್ಟು ಬಿರುಕು ಇದೆ.

ಗುರಿಕಾರ
ಚೆನ್ನಾಗಿ ತೆಗೆದಿದ್ದೀರಿ. ಈಗ ಸ್ಪಷ್ಟವಾಯಿತು.

ಒಂದು ಇಂಚು ಇರುವವು .22 ಲಾಂಗ್ ರೈಫಲ್ (.22 ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ಸುಮಾರು ಅಗಲ). ಎನ್‌ಸಿಸಿಯಲ್ಲಿ ಇದ್ದವರೆಲ್ಲ ಹೊಡೆದಿರುವುದು ಇದನ್ನೇ. 1887ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅದೇ ಕೇಸು, ಗುಂಡು ಮಾತ್ರ ಮೋಟು ಇರುವವು .22 ಲಾಂಗ್. ಇದು 1871ರದ್ದು. ಈಗ ಬಳಕೆ ತಪ್ಪಿಹೋಗುತ್ತಾ ಬಂದಿದೆ. ಇವೆರಡಕ್ಕೂ ಹಿರಿಯಣ್ಣ .22 ಶಾರ್ಟ್, 1857ರದ್ದು. ಅದರ ಕೇಸು ಹನ್ನೊಂದು ಮಿಲಿಮೀಟರಿಗೂ ಕಡಿಮೆ, ನಿಮ್ಮಲ್ಲಿ ಇರುವ ಹಾಗೆ ಕಾಣಲಿಲ್ಲ. ಮೂರಕ್ಕೂ ಬುಡದ ಅಗಲ ಒಂದೇ, ಸುಮಾರು 7 ಮಿಲಿಮೀಟರ್. ಅದಕ್ಕೇ ಬುಡ ಮಾತ್ರ ನೋಡಿ ಹೇಳಿದರೆ ಮೋಸ ಹೋಗುತ್ತೇವೆ. ಕೇಸಿನ ಉದ್ದ, ಗುಂಡಿನ ಉದ್ದ ಎರಡನ್ನೂ ನೋಡಬೇಕು.

ಇನ್ನೊಂದು ಗುರುತು ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಈ ಮೂರರಲ್ಲೂ ಗುಂಡು ಮತ್ತು ಕೇಸು ಹೊರಗಿನಿಂದ ಒಂದೇ ದಪ್ಪ. ಬೆರಳು ಸವರಿದರೆ ಮೆಟ್ಟಿಲು ಸಿಗುವುದಿಲ್ಲ. ಗುಂಡು ಕೇಸಿನ ಒಳಕ್ಕೆ ಇಳಿದು, ಕೇಸೇ ದಪ್ಪ ಕಂಡರೆ ಅದು .22 ಮ್ಯಾಗ್ನಮ್, ಇಲ್ಲ ಅದಕ್ಕಿಂತ ಹಳೇ 1890ರ .22 ಡಬ್ಲ್ಯುಆರ್‌ಎಫ್. ಎಲ್ಲದಕ್ಕೂ ‘ಟೂಟೂ’ ಅಂತ ಒಂದೇ ಹೆಸರು ಹೇಳಿಬಿಡುತ್ತೇವೆ, ಆದರೆ ಲಾಂಗ್ ರೈಫಲ್ ತೋಟಾ ಮ್ಯಾಗ್ನಮ್‌ನ ಚೇಂಬರಿನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ಸರಿಯಾಗಿ ಕೂರುವುದಿಲ್ಲ. ಮ್ಯಾಗ್ನಮ್ ರೈಫಲಿಗೆ ಲಾಂಗ್ ರೈಫಲ್ ತೋಟಾ ಹಾಕಿದರೆ ಕೇಸು ಸೀಳುತ್ತದೆ.

ಬಯಲುಸೀಮೆ
‘ಎಚ್’ ಅಂದರೆ ಹಿಂದೂಸ್ತಾನ್ ಇರಬೇಕು ಅಲ್ವಾ? ನಮ್ಮ ಸರ್ಕಾರದ ಕಾರ್ಖಾನೆದು?

ಹಳೇ ಪೆಟ್ಟಿಗೆ
ಅಲ್ಲ. ‘ಎಚ್’ ಅಮೆರಿಕದ ವಿಂಚೆಸ್ಟರ್ ಕಂಪನಿಯ ಗುರುತು. ಬೆಂಜಮಿನ್ ಟೈಲರ್ ಹೆನ್ರಿ ಅಂತ ಒಬ್ಬರಿದ್ದರು, 1860ರ ಹೆನ್ರಿ ರೈಫಲ್ ಮಾಡಿದವರು. ಅದು ಕೂಡ ರಿಮ್‌ಫೈರೇ, .44. ಅವರ ಗೌರವಕ್ಕೆ ವಿಂಚೆಸ್ಟರ್‌ನವರು ರಿಮ್‌ಫೈರ್ ತೋಟಾದ ಬುಡಕ್ಕೆ ‘ಎಚ್’ ಒತ್ತುತ್ತಾ ಬಂದರು. ‘ಇ’ ಅಂದರೆ ಇಂಗ್ಲೆಂಡಿನ ಈಲಿ. ‘ಯು’ ಇದ್ದರೆ ಯೂನಿಯನ್ ಮೆಟಾಲಿಕ್, ಆಮೇಲೆ ರೆಮಿಂಗ್ಟನ್ ಜೊತೆ ಸೇರಿದ್ದು. ‘ಐಸಿಐ’ ಇದ್ದರೆ 1926ರ ನಂತರದ್ದು, ಆ ಕಂಪನಿ ಶುರುವಾದದ್ದೇ ಆ ವರ್ಷ. ಪುಣೆ ಹತ್ತಿರದ ನಮ್ಮ ಖಡ್ಕಿ ಕಾರ್ಖಾನೆಯ ಗುರುತು ‘ಕೆಎಫ್’, ಹಳೇ .303 ತೋಟಾದಲ್ಲಿ ಕಾಣುತ್ತದೆ.

ಅಕ್ಷರದಿಂದ ಕಂಪನಿ ಗೊತ್ತಾಗುತ್ತದೆ, ವರ್ಷ ಗೊತ್ತಾಗುವುದಿಲ್ಲ. ಒಂದೇ ಅಕ್ಷರವನ್ನು ದಶಕಗಟ್ಟಲೆ ಒತ್ತಿದ್ದಾರೆ. ವರ್ಷ ಬೇಕು ಅಂದರೆ ರಟ್ಟಿನ ಪೆಟ್ಟಿಗೆ ಇರಬೇಕು. ಮೇಡಂ, ಅಟ್ಟದಲ್ಲಿ ಹಳೇ ರಟ್ಟಿನ ಪೊಟ್ಟಣ ಏನಾದರೂ ಇದೆಯಾ ನೋಡಿ. ಖಾಲಿ ಪೊಟ್ಟಣ ಇಟ್ಟುಕೊಳ್ಳಲು ಏನೂ ಅಡ್ಡಿಯಿಲ್ಲ, ಅದರ ಚಿತ್ರ, ಅಕ್ಷರ ಎಷ್ಟು ಚಂದ ಇರುತ್ತವೆ ಗೊತ್ತಾ!

ದಪ್ಪ ಇರುವುದು 9 ಎಂಎಂ ಫ್ಲೋಬರ್ಟ್, ಚರೆ ತುಂಬಿದ ತೋಟಾ. ರಟ್ಟಿನ ಬಿಲ್ಲೆಯ ಹಿಂದೆ ಸಾಸಿವೆ ಕಾಳಿನ ಥರ ಚರೆ ಇರುತ್ತದೆ. ‘ಗಾರ್ಡನ್ ಗನ್’ ಅಂತ ಸಣ್ಣ ಕೋವಿ ಬರುತ್ತಿತ್ತು. ಹಣ್ಣಿನ ಗಿಡಕ್ಕೆ ಬರುವ ಹಕ್ಕಿ, ಉಗ್ರಾಣದ ಹೆಗ್ಗಣ, ಇಂಥದ್ದಕ್ಕೆ. ದೊರೆಗಳ ಬಂಗ್ಲೆಯಲ್ಲಿ ಇದ್ದದ್ದು ಆಶ್ಚರ್ಯವೇ ಅಲ್ಲ. ರಿಮ್‌ಫೈರ್ ಅನ್ನುವ ವಿದ್ಯೆಯೇ ಫ್ರಾನ್ಸಿನ ಲೂಯಿ ಫ್ಲೋಬರ್ಟ್ ಅವರಿಂದ ಶುರುವಾದದ್ದು, 1845ರಲ್ಲಿ. ಮೊದಮೊದಲು ಮನೆಯೊಳಗೆ ಗುರಿ ಹೊಡೆಯುವ ಆಟಕ್ಕೆ ಮಾಡಿದ್ದಂತೆ.

ಸೈಟ್ ಇಂಜಿನಿಯರ್
ಹಸಿರು ತುದಿಯ ಮೋಟು ನಂಗೆ ಗೊತ್ತು! ಅದು ಬೇಟೆಯದ್ದೇ ಅಲ್ಲ. ಕಾಂಕ್ರೀಟಿಗೆ, ಕಬ್ಬಿಣದ ತೊಲೆಗೆ ಮೊಳೆ ಹೊಡೆಯುವ ಗನ್ ಬರುತ್ತಲ್ಲ, ಅದರ ತೋಟಾ. ಬಣ್ಣದಿಂದ ಶಕ್ತಿ ಗೊತ್ತಾಗುತ್ತದೆ. ಬೂದು, ಕಂದು, ಹಸಿರು, ಹಳದಿ, ಕೆಂಪು, ನೇರಳೆ, ಈ ಕ್ರಮದಲ್ಲಿ ಏರುತ್ತಾ ಹೋಗುತ್ತದೆ. ಹಿಂದೆ ಯಾವಾಗಲೋ ಚಾವಣಿ ಕೆಲಸ ಮಾಡಿಸಿರಬೇಕು, ಅವರು ಬಿಟ್ಟು ಹೋಗಿದ್ದಾರೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗುಂಡಿಲ್ಲ ಅಂದರೂ ಮದ್ದು ಇದೆ, ಅಂಚಿನಲ್ಲಿ ಸಿಡಿಮದ್ದು ಇದೆ. ಸೈಟುಗಳಲ್ಲಿ ಮಕ್ಕಳು ಎತ್ತಿಕೊಂಡು ಕಲ್ಲಿನಿಂದ ಜಜ್ಜುತ್ತಾರೆ. ನಾನು ನಮ್ಮ ಹುಡುಗರಿಗೆ ಸಂಜೆ ಎಣಿಸಿ ವಾಪಸ್ ಕೊಡಿ ಅಂತ ಬೆನ್ನು ಹತ್ತುತ್ತೇನೆ.

ಮಲೆನಾಡ ಮಗಳು
ಹೌದು! ಹಿಂದಿನ ಸಲ ಹಾಲ್‌ನ ಮೇಲೆ ಶೀಟು ಹಾಕಿಸಿದ್ದೆವು. ಕಂಟ್ರಾಕ್ಟರು ಕೆಲಸ ಅರ್ಧಕ್ಕೆ ಬಿಟ್ಟು ಹೋದವರು. ಇದನ್ನೂ ಬಿಟ್ಟು ಹೋಗಿದ್ದಾರೆ ನೋಡಿ. ಕೆಲಸದವರ ಮಕ್ಕಳು ದಿನಾ ಆ ಜಗಲಿಯಲ್ಲೇ ಆಡುತ್ತಾರೆ. ಸಿಟ್ಟು ಬರುತ್ತಿದೆ.

ಲೋಹದ ಮೇಷ್ಟ್ರು
ಆ ಬಿರುಕಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅದರ ಕಥೆ ನಮ್ಮ ದೇಶದ್ದೇ, ಹೇಳಲೇಬೇಕು.

19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಒಂದು ವಿಚಿತ್ರ ಕಾಟ. ಮಳೆಗಾಲ ಬಂತು ಅಂದರೆ ದಾಸ್ತಾನಿನಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಯಾರೂ ಮುಟ್ಟಿಲ್ಲ, ಏಟು ಬಿದ್ದಿಲ್ಲ. ಮಳೆಗಾಲದಲ್ಲಿ ಆಗುತ್ತದೆ ಅಂತ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅನ್ನುವ ಹೆಸರೇ ಬಿತ್ತು. ಕಾರಣ ಸರಿಯಾಗಿ ಗೊತ್ತಾದದ್ದು 1921ರಲ್ಲಿ. ತೋಟಾಗಳನ್ನು ಇಡುತ್ತಿದ್ದದ್ದು ಕುದುರೆ ಲಾಯಗಳಲ್ಲಿ. ಕುದುರೆ ಗಂಜಳದಿಂದ ಅಮೋನಿಯಾ ಏಳುತ್ತದೆ. ಕೇಸು ತಯಾರಿಸುವಾಗ ಹಿತ್ತಾಳೆಯನ್ನು ಎಳೆದು, ಒತ್ತಿ ರೂಪ ಕೊಟ್ಟಿರುತ್ತಾರೆ, ಆ ಬಿಗಿತ ಲೋಹದ ಒಳಗೆ ಉಳಿದಿರುತ್ತದೆ. ಬಿಗಿತ, ತೇವ, ಅಮೋನಿಯಾ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ಈ ಕಾಟ ತಪ್ಪುತ್ತದೆ ಅಂತ ಆಮೇಲೆ ಕಂಡುಕೊಂಡರು. ನಾನು ಮಕ್ಕಳಿಗೆ ಲೋಹದ ಪಾಠ ಮಾಡುವಾಗ ಇದನ್ನು ಬಿಡುವುದೇ ಇಲ್ಲ.

ಮೂಡಿಗೆರೆಯ ಮಳೆ, ಪಕ್ಕದಲ್ಲೇ ಕೊಟ್ಟಿಗೆ ಇದ್ದಿದ್ದರೆ ದನದ ಗಂಜಳ. ಬೇರೆ ಏನು ಬೇಕು? ತಾಯಿ, ಆ ಅಟ್ಟದ ಕೆಳಗೆ ಹಿಂದೆ ಕೊಟ್ಟಿಗೆ ಇತ್ತಾ?

ಇನ್ನೊಂದು ಮಾತು. ಹೊಳಪು ಬರಲಿ ಅಂತ ಪಾಲಿಶ್ ಹಾಕಬೇಡಿ. ಹಲವು ಹಿತ್ತಾಳೆ ಪಾಲಿಶ್‌ಗಳಲ್ಲಿ ಅಮೋನಿಯಾ ಇರುತ್ತದೆ. ಆ ಬಿಳೀ ಪುಡಿ ಸೀಸದ ತುಕ್ಕು, ವಿಷ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅದೇ ಕೈಯಲ್ಲಿ ಎಲೆ ಅಡಿಕೆ ಹಾಕಬೇಡಿ.

ಮಲೆನಾಡ ಮಗಳು
ಸರ್, ಅಟ್ಟದ ಹಿಂಭಾಗ ಕುದುರೆ ಲಾಯವೇ ಇತ್ತಂತೆ, ಅಮ್ಮ ಹೇಳಿದರು! ಆಮೇಲೆ ಅಜ್ಜ ಅದನ್ನು ಕೊಟ್ಟಿಗೆ ಮಾಡಿದ್ದು. ಮೈ ಜುಮ್ ಅಂತು.

ಕಾಫಿ ಹೂವು
ಈ ಮೇಷ್ಟ್ರ ಪಾಠಕ್ಕೆ ನಾನೂ ಕೂರಬೇಕಿತ್ತು.

ಹೂಸ್ಟನ್ ಕನ್ನಡಿಗ
ಬಿರುಕು ಇಲ್ಲದೆ ಇರುವವನ್ನು ಹೊಡೆದು ನೋಡಿದರೆ ಏನು ತಪ್ಪು? ಇಲ್ಲಿ ಟೆಕ್ಸಾಸಲ್ಲಿ 2013ರಲ್ಲಿ .22 ತೋಟಾಕ್ಕೆ ಬರ ಬಂದಿತ್ತು. ಅಂಗಡಿ ಖಾಲಿ. ಜನ ಅಜ್ಜಂದಿರ ಗ್ಯಾರೇಜಿನಿಂದ ಹಳೇ ಪೊಟ್ಟಣ ತೆಗೆದು ಹೊಡೆದರು. ಬಹಳಷ್ಟು ಚೆನ್ನಾಗೇ ಹಾರಿದವು. ನಿಮ್ಮ ಮಾವ ಹೇಳಿದ್ದರಲ್ಲಿ ಅರ್ಥ ಇದೆ.

ಗುರಿಕಾರ
@ಹೂಸ್ಟನ್ ಕನ್ನಡಿಗ, ಅಣ್ಣ, ಟೆಕ್ಸಾಸಿನ ಒಣ ಗ್ಯಾರೇಜಲ್ಲಿ ಮುಚ್ಚಿದ ಪೊಟ್ಟಣದಲ್ಲಿ ಇದ್ದದ್ದು ಬೇರೆ. ಮೂಡಿಗೆರೆಯ ಅಟ್ಟದಲ್ಲಿ ಎಷ್ಟೋ ಮಳೆಗಾಲ ಕಳೆದ ಬಿಡಿ ತೋಟಾ ಬೇರೆ. ನಾನು ಕ್ಲಬ್ಬಿನಲ್ಲಿ .22 ಹೊಡೆಯುವವನು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ರಿಮ್‌ಫೈರ್ ಕೇಸು ತೆಳುವಾಗಿಯೇ ಇರಬೇಕು, ಇಲ್ಲದಿದ್ದರೆ ಪಿನ್ನಿಗೆ ಅಂಚು ಜಜ್ಜಲು ಆಗುವುದಿಲ್ಲ. ಆ ತೆಳು ಕೇಸು ಕಿಲುಬು ತಿಂದು, ಕಣ್ಣಿಗೆ ಕಾಣದ ಬಿರುಕು ಬಿಟ್ಟಿದ್ದರೆ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಹೊಡೆಯುವವನ ಮುಖ.

ಅದಕ್ಕಿಂತ ಕೆಟ್ಟದ್ದು ಅರೆಜೀವದ ತೋಟಾ. ‘ಢಂ’ ಅನ್ನುವ ಬದಲು ‘ಪುಸ್ಕ್’ ಅನ್ನುತ್ತದೆ. ಸಿಡಿಮದ್ದಿನ ಒತ್ತಡಕ್ಕೆ ಗುಂಡು ಅರ್ಧ ನಳಿಗೆಗೆ ಹೋಗಿ ನಿಂತುಬಿಡುತ್ತದೆ. ಗೊತ್ತಾಗದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಇನ್ನು ಕೆಲವು ತಡವಾಗಿ ಸಿಡಿಯುತ್ತವೆ. ಹಾರಲಿಲ್ಲ ಅಂತ ಬೋಲ್ಟು (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆಯುವ ಹೊತ್ತಿಗೆ ಹಾರುತ್ತದೆ. ಅದಕ್ಕೇ ಕ್ಲಬ್ಬಿನಲ್ಲಿ ಹಾರದಿದ್ದರೆ ನಳಿಗೆ ಗುರಿ ಕಡೆಗೇ ಹಿಡಿದು ಅರ್ಧ ನಿಮಿಷಕ್ಕೂ ಜಾಸ್ತಿ ಕಾಯಿಸುತ್ತಾರೆ.

ಹಳೇ ಪೆಟ್ಟಿಗೆ
ಗುರಿಕಾರರ ಮಾತಿಗೆ ಒಂದು ಸೇರಿಸುತ್ತೇನೆ. ತೋಟಾ ಹಾರಿದರೂ ಸ್ನೇಹಿತರ ರೈಫಲ್ ಹಾಳು. 1920ರ ದಶಕದ ಕೊನೆಯ ತನಕ ಬಂದ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ನಳಿಗೆಯಲ್ಲಿ ಒಂಥರಾ ಉಪ್ಪು ಉಳಿಯುತ್ತದೆ, ಗಾಳಿಯ ತೇವ ಎಳೆಯುತ್ತದೆ. ಎಣ್ಣೆ ಬಟ್ಟೆ ಎಷ್ಟು ಎಳೆದರೂ ಉಪ್ಪು ಹೋಗುವುದಿಲ್ಲ, ಬಿಸಿನೀರೇ ಬೇಕು. ಆ ಕಾಲದವರು ಬೇಟೆಯಿಂದ ಬಂದ ತಕ್ಷಣ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದದ್ದು ಇದಕ್ಕೇ. ಮಲೆನಾಡಿನ ಮಳೆಯಲ್ಲಿ ಒಂದೇ ರಾತ್ರಿಗೆ ತುಕ್ಕು.

ಹೂಸ್ಟನ್ ಕನ್ನಡಿಗ
ಅರೆಜೀವದ ತೋಟಾ ವಿಷಯ ಒಪ್ಪುವಂಥದ್ದೇ. ಇಲ್ಲಿಯೂ ಗುರಿ ಅಭ್ಯಾಸದ ಜಾಗದಲ್ಲಿ ಹಾರದ ತೋಟಾ ಹಾಕಲು ಬೇರೆ ಡಬ್ಬ ಇಟ್ಟಿರುತ್ತಾರೆ, ಕಸದ ಬುಟ್ಟಿಗೆ ಹಾಕಲು ಬಿಡುವುದಿಲ್ಲ. ಆದರೂ ಸಂಗ್ರಹಕಾರರಿಗೆ ಮಾರಬಹುದಲ್ಲ? ಇಲ್ಲಿ ಆ 9 ಎಂಎಂ ಥರದ್ದಕ್ಕೆ ಒಳ್ಳೇ ಬೆಲೆ.

ಹಳೇ ಪೆಟ್ಟಿಗೆ
ಬೆಲೆ ಇರುವುದು ಮುಚ್ಚಿದ ಪೊಟ್ಟಣಕ್ಕೆ, ಚಿತ್ರ ಮಾಸದೆ ಇದ್ದರೆ. ಕಿಲುಬು ಹಿಡಿದ ಬಿಡಿ ತೋಟಾಕ್ಕೆ ಏನೂ ಇಲ್ಲ. ಅದಿರಲಿ, ನಮ್ಮ ದೇಶದಲ್ಲಿ ಲೈಸೆನ್ಸು ಇಲ್ಲದೆ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಆನ್‌ಲೈನಿನಲ್ಲಿ ‘ಆಂಟಿಕ್’ ಅಂತ ಹಾಕುವವರನ್ನು ನೋಡಿದರೆ ಭಯ ಆಗುತ್ತದೆ. ದಯವಿಟ್ಟು ಬೇಡ.

ಬಯಲುಸೀಮೆ
ಹಳೇ ಕಾಲದ್ದು, ಬಳಕೆ ತಪ್ಪಿದ್ದು ಅಂದರೆ ಕಾಯ್ದೆ ಬಿಟ್ಟುಬಿಡುತ್ತದೆ ಅಂತ ಕೇಳಿದ್ದೆ?

ಕರಿಕೋಟು
ಅದು 45ನೇ ಸೆಕ್ಷನ್. ಹಳೇ ಮಾದರಿಯ, ರಿಪೇರಿ ಮಾಡಿದರೂ ಹಾರಿಸಲು ಆಗದ ಆಯುಧಕ್ಕೆ ಅಲ್ಲಿ ವಿನಾಯಿತಿ ಇದೆ. ಅದು ಕೋವಿಗೆ. ಹಾರಬಹುದಾದ ತೋಟಾಕ್ಕೆ ಅದನ್ನು ಎಳೆದು ತರಲು ಆಗುವುದಿಲ್ಲ.

ನಿವೃತ್ತ ಹವಾಲ್ದಾರ್
ಅಮ್ಮಾ, ನಾನು ಪೊಲೀಸ್ ಶಸ್ತ್ರಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಏನು ಮಾಡಬೇಕು ಅಂತ ನೇರ ಹೇಳುತ್ತೇನೆ.

ತೋಟಾಗಳನ್ನು ಒಂದರ ಮೇಲೆ ಒಂದು ಸುರಿಯಬೇಡಿ. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಪಕ್ಕಪಕ್ಕ ಮಲಗಿಸಿ. ತಗಡಿನ ಡಬ್ಬಿಗೆ ವಾಪಸ್ ಹಾಕಿ ಬಿಗಿ ಮುಚ್ಚಳ ಹಾಕುವುದು ಬೇಡ. ಒಲೆ, ಬಚ್ಚಲ ಹಂಡೆ, ಬಿಸಿಲು ಮೂರರಿಂದಲೂ ದೂರ, ಬೀಗ ಇರುವ ಕೋಣೆಯಲ್ಲಿ ಇಡಿ. ನೀವೇ ಕಾರಿನಲ್ಲಿ ಹಾಕಿಕೊಂಡು ಹೊರಡಬೇಡಿ. ದಾರಿಯಲ್ಲಿ ನಾಕಾಬಂದಿ ಇದ್ದರೆ ಸುಮ್ನೆ ಕಷ್ಟ. ಮೊದಲು ಠಾಣೆಗೆ ಫೋನು ಮಾಡಿ, ಸಿಕ್ಕಿದೆ, ಅಜ್ಜನ ಕಾಲದ್ದು, ಒಪ್ಪಿಸಬೇಕು ಅಂತ ಹೇಳಿ. ಅಜ್ಜನ ಹಳೇ ಲೈಸೆನ್ಸು ಪುಸ್ತಕ, ಕೋವಿ ಒಪ್ಪಿಸಿದಾಗಿನ ರಸೀದಿ, ಮರಣ ಪತ್ರ ಇದ್ದರೆ ಜೆರಾಕ್ಸ್ ಮಾಡಿಡಿ. ಒಂದು ಅರ್ಜಿ ಬರೆಯಿರಿ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾವ ಥರದ್ದು ಎಷ್ಟೆಷ್ಟು, ಬುಡದಲ್ಲಿ ಯಾವ ಅಕ್ಷರ, ಫೋಟೋ. ಎರಡು ಪ್ರತಿ. ಒಂದಕ್ಕೆ ಸಹಿ, ಸೀಲು ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ.

ಆ ಹಸಿರು ತುದಿಯದ್ದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ, ಬೇರೆ ಇದೆ ಅಂತ ಬಿಡಬೇಡಿ. ಬಿರುಕು ಬಿಟ್ಟಿದ್ದನ್ನು ಬೇರೆಯೇ ಇಡಿ, ಅದನ್ನು ತೋರಿಸಿ ಹೇಳಿ.

ಕರಿಕೋಟು
ಹವಾಲ್ದಾರ್ ಸರ್ ಹೇಳಿದ್ದು ಅಕ್ಷರಶಃ ಸರಿ. ಠಾಣೆಯಲ್ಲಿ ‘ಇಷ್ಟು ದಿನ ಯಾಕೆ ಇಟ್ಟಿದ್ದಿರಿ’ ಅಂತ ಕೇಳಿದರೆ ಹೆದರಬೇಡಿ. ರಿಪೇರಿ ಮಾಡುವಾಗ ಸಿಕ್ಕಿತು, ಸಿಕ್ಕ ತಕ್ಷಣ ತಿಳಿಸಿದೆವು, ಅಷ್ಟೇ ಉತ್ತರ. ಅದೇ ನಿಜ ಕೂಡ. ಮೇಸ್ತ್ರಿಯವರ ಹೆಸರು ಬರೆದಿಟ್ಟುಕೊಳ್ಳಿ, ಅವರೇ ಸಾಕ್ಷಿ.

ಕಾವೇರಿ ತೀರ
ನಮ್ಮೂರಲ್ಲಿ ಒಬ್ಬರು ಹೀಗೆ ನಿಯತ್ತಾಗಿ ಒಪ್ಪಿಸಲು ಹೋಗಿ ಠಾಣೆಗೆ ಅಲೆದೂ ಅಲೆದೂ ಸುಸ್ತಾದರು. ಇವತ್ತು ಬಾ, ನಾಳೆ ಬಾ. ಆಮೇಲೆ ಯಾರಿಗೆ ಬೇಕು ಅಂತ ಹೊಳೆಗೆ ಎಸೆದರು. ವ್ಯವಸ್ಥೆ ಸುಲಭ ಮಾಡದಿದ್ದರೆ ಜನ ಹೊಳೆ ದಾರಿಯೇ ಹಿಡಿಯುವುದು.

ನಿವೃತ್ತ ಹವಾಲ್ದಾರ್
ಆ ಮಾತು ನಿಜ, ಬೇಜಾರಾಗುತ್ತದೆ. ಠಾಣೆಯಲ್ಲಿ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ಅದೇ ಅರ್ಜಿಯನ್ನು ಎಸ್‌ಪಿ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿ. ಅಂಚೆಗೆ ಅರ್ಜಿ ಮಾತ್ರ, ತೋಟಾ ಅಲ್ಲ! ಕಾಗದ ದಾಖಲಾದರೆ ಕೆಲಸ ನಡೆಯುತ್ತದೆ. ಹೊಳೆಗೆ ಮಾತ್ರ ಬೇಡ. ಬೇಸಿಗೆಯಲ್ಲಿ ನೀರು ಇಳಿದಾಗ ಮೀನು ಹಿಡಿಯುವ ಹುಡುಗರ ಕೈಗೆ ಸಿಗುತ್ತದೆ. ಸೀಸ ನೀರಿಗೂ ಒಳ್ಳೇದಲ್ಲ.

ಬಯಲುಸೀಮೆ
ಬೆಂಕಿಗೆ ಹಾಕಿದರೆ? ಮದ್ದು ಉರಿದು ಮುಗಿಯುತ್ತದಲ್ಲ?

ಗುರಿಕಾರ
ಬೇಡವೇ ಬೇಡ. ನಳಿಗೆಯಿಲ್ಲದೆ ಸಿಡಿದಾಗ ಗುಂಡು ಹೆಚ್ಚು ದೂರ ಹೋಗುವುದಿಲ್ಲ, ನಿಜ. ಆದರೆ ಕೇಸು ಹರಿದು ಹಿತ್ತಾಳೆ ಚೂರುಗಳು ಎಲ್ಲ ಕಡೆ ಹಾರುತ್ತವೆ. ಬಂಗ್ಲೆಯ ಹಳೇ ಮರಮುಟ್ಟು, ಕಸ ಎಲ್ಲ ಒಟ್ಟಿಗೆ ಸುಡುವ ಯೋಚನೆ ಇದ್ದರೆ ಮೇಡಂ, ಮೊದಲು ಅಟ್ಟದ ದೂಳನ್ನು ಜರಡಿ ಹಿಡಿಯಿರಿ. ತೊಲೆ ಸಂದಿಯಲ್ಲಿ ಇನ್ನೂ ಬಿದ್ದಿರಬಹುದು.

ಮಲೆನಾಡ ಮಗಳು
ಜರಡಿ ಹಿಡಿಸಿದೆ, ಹಸಿರು ತುದಿಯದ್ದು ಇನ್ನೂ ಕೆಲವು ಸಿಕ್ಕಿದವು. ಒಲೆಗೆ ಅಂತ ಕಟ್ಟಿಟ್ಟಿದ್ದ ಮರದ ಚೂರಿನ ಚೀಲದಲ್ಲಿ! ಠಾಣೆಗೆ ಫೋನು ಮಾಡಿದೆ. ಬರೆದುಕೊಂಡರು, ಬಂದು ತೆಗೆದುಕೊಂಡು ಹೋಗುತ್ತೇವೆ ಅಂದರು. ಅರ್ಜಿ ಬರೆಯುತ್ತಿದ್ದೇನೆ. ಮಾವನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ರೈಫಲ್ ಮಾತು ಮತ್ತೆ ಎತ್ತಲಿಲ್ಲ.

ಕಾಫಿ ಹೂವು
ಡೀಸೆಲ್ ಹಾಕಿ ಹೂತ ಜಾಗ ನಮ್ಮ ಮಾವನಿಗೆ ಇನ್ನೂ ನೆನಪಿದೆ. ಅಲ್ಲಿ ಕಾಳುಮೆಣಸಿನ ಬಳ್ಳಿ ಹಾಕಬೇಕು ಅಂತಿದ್ದರು. ಏನು ಮಾಡಲಿ?

ನಿವೃತ್ತ ಹವಾಲ್ದಾರ್
ನೀವೇ ಅಗೆಯಬೇಡಿ. ಜಾಗಕ್ಕೆ ಗೂಟ ನೆಟ್ಟು ಗುರುತು ಮಾಡಿ, ಠಾಣೆಗೆ ತಿಳಿಸಿ. ಬಳ್ಳಿ ಬೇರೆ ಕಡೆ ಹಾಕಿ.

ಸೈಟ್ ಇಂಜಿನಿಯರ್
ಒಂದು ಬೇರೆ ಪ್ರಶ್ನೆ. ಎನ್‌ಸಿಸಿಯಲ್ಲಿ ಇದ್ದಾಗಿನ .22 ಖಾಲಿ ಕೇಸು ಒಂದನ್ನು ನನ್ನ ಸ್ನೇಹಿತ ಕೀಚೈನ್ ಮಾಡಿಕೊಂಡಿದ್ದಾನೆ. ಮುಂದಿನ ವಾರ ವಿಮಾನದಲ್ಲಿ ಹೊರಟಿದ್ದಾನೆ. ಪರವಾಗಿಲ್ವಾ?

ನಿವೃತ್ತ ಹವಾಲ್ದಾರ್
ಎನ್‌ಸಿಸಿ ಫೈರಿಂಗ್ ಮುಗಿದ ಮೇಲೆ ಖಾಲಿ ಕೇಸು ಹೆಕ್ಕಿ, ಎಣಿಸಿ ವಾಪಸ್ ಕೊಡಬೇಕು. ಒಂದು ಕಡಿಮೆ ಆದರೆ ಹುಲ್ಲಿನಲ್ಲಿ ಹುಡುಕಿಸುತ್ತಿದ್ದೆವು. ಅವನಿಗೆ ಅದು ಹೇಗೆ ಉಳಿಯಿತೋ!

ಕರಿಕೋಟು
ಖಾಲಿ ಕೇಸಿಗಾಗಿ ಮೊಕದ್ದಮೆ ನಿಲ್ಲುವುದು ಕಷ್ಟ, 45ನೇ ಸೆಕ್ಷನ್‌ನಲ್ಲೇ ಬಿಡಿಭಾಗಕ್ಕೆ ವಿನಾಯಿತಿ ಇದೆ. ಆದರೆ ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಮುಂದೆ ಕೂತವರಿಗೆ ಕಾಣುವುದು ತೋಟಾದ ಆಕಾರ. ಬ್ಯಾಗು ಬಿಚ್ಚಿಸುತ್ತಾರೆ, ಹೇಳಿಕೆ ಬರೆಸುತ್ತಾರೆ, ವಿಮಾನ ತಪ್ಪುತ್ತದೆ. ಜೀವ ಇರುವ ತೋಟಾ ಒಂದೇ ಒಂದು ಸಿಕ್ಕರೂ ಎಫ್‌ಐಆರ್. ಆಮೇಲೆ ‘ಗೊತ್ತಿರಲಿಲ್ಲ’ ಅಂತ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಂಡವರು ಎಷ್ಟೋ ಜನ, ಆದರೆ ಅಷ್ಟರಲ್ಲಿ ವರ್ಷಗಳು ಹೋಗಿರುತ್ತವೆ. ಅಜ್ಜ, ಅಪ್ಪಂದಿರ ಹಳೇ ಕೋಟು, ಬೇಟೆ ಚೀಲ ಬಳಸುವವರು ಜೇಬು, ಅಸ್ತರಿನ ಒಳಗೆಲ್ಲ ಕೈ ಹಾಕಿ ನೋಡಿಯೇ ಹೊರಡಿ.

ಗುರಿಕಾರ
ಕೀಚೈನಿನ ಕೇಸಿಗೆ ಗುಂಡು ಇದೆಯಾ, ಬರೀ ಬಾಯಿ ತೆರೆದಿದೆಯಾ ಕೇಳಿ. ಕೆಲವರು ಚಂದಕ್ಕೆ ಗುಂಡು ಇರುವುದನ್ನೇ ಹಾಕಿಕೊಳ್ಳುತ್ತಾರೆ. ಅಂಚಿನ ಮೇಲೆ ಪಿನ್ನು ಹೊಡೆದ ಸಣ್ಣ ತಗ್ಗು ಇದೆ, ಆದ್ದರಿಂದ ಸತ್ತಿದೆ ಅನ್ನುತ್ತಾರೆ. ಅದನ್ನು ನಂಬಬೇಡಿ. ರಿಮ್‌ಫೈರಿನಲ್ಲಿ ಪಿನ್ನು ಬಿದ್ದ ಜಾಗದಲ್ಲಿ ಸಿಡಿಮದ್ದು ಸರಿಯಾಗಿ ಹರಡದೆ ಇದ್ದರೆ ಹಾರುವುದಿಲ್ಲ. ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಅಂಚಿನ ಬೇರೆ ಕಡೆ ಹೊಡೆದರೆ ಹಾರುತ್ತದೆ. ಕ್ಲಬ್ಬಿನಲ್ಲಿ ಇದು ಮಾಮೂಲು. ತಗ್ಗು ಇದ್ದು, ಗುಂಡೂ ಇದ್ದರೆ ಅದು ಜೀವ ಇರುವ ತೋಟಾ ಅಂತಲೇ ಲೆಕ್ಕ.

ಸೈಟ್ ಇಂಜಿನಿಯರ್
ಫೋನು ಮಾಡಿ ಕೇಳಿದೆ. ಬಾಯಿ ತೆರೆದ ಖಾಲಿ ಕೇಸೇ. ಬೀಗದ ಕೈ ಬೇರೆ ದಾರಕ್ಕೆ ಹಾಕಿಕೊಳ್ಳುತ್ತೇನೆ, ಇದನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ ಅಂದ.